ಸಿಮೆಂಟಿನಲ್ಲಿ ಕಾಲು ಹೂತ ಹೆಂಗಸರು



ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತ ರೈತನ ಬಾಯಿಂದ ಮೊದಲು ಬರುವ ಮಾತು 'ಸ್ವಾಮೀ'. ಒಳಗಿನಿಂದ ಬರುವ ಮಾತು 'ಏನಯ್ಯಾ?' ಈ ಎರಡು ಮಾತಿನ ನಡುವೆಯೇ ಅರ್ಧ ಜಮೀನು ಹೋಗಿರುತ್ತದೆ!

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಈ ಕಟ್ಟು ಇನ್ನೂ ಬಿಗಿ. ನಮ್ಮಲ್ಲಿ 'ನೀನು' ಹೋಗಿ 'ನೀವು' ಬಂದರೆ ಸಾಕು. ಅಲ್ಲಿ ದೊಡ್ಡವರ ಎದುರು ಅನ್ನ, ನೀರು, ಮನೆ ಎಂಬ ಪದಗಳೇ ಬೇರೆಯಾಗುತ್ತವೆ. ಮೇಲಿನವರಿಗೆ ಆಡುವ ಭಾಷೆ ಕ್ರೊಮೊ, ಸರೀಕರಲ್ಲಿ ಆಡುವುದು ನ್ಗೊಕೊ.

1890ರ ಸುಮಾರಿಗೆ ಬ್ಲೊರಾ ಸೀಮೆಯಲ್ಲಿ ಸಮಿನ್ ಸುರೊಸೆಂಟಿಕೊ ಎಂಬ ರೈತ ಎದ್ದು ನಿಂತ. ಡಚ್ ಸರ್ಕಾರ ತೇಗದ ಕಾಡನ್ನೆಲ್ಲ ತನ್ನದೆಂದು ಬೇಲಿ ಹಾಕಿತ್ತು. ಸಮಿನನ ಜನ ಕತ್ತಿ ಹಿಡಿಯಲಿಲ್ಲ. ಕಂದಾಯ ಕೊಡುವುದಿಲ್ಲ ಎಂದರು. ಸರ್ವೆಯವರು ಬಂದರೆ ಹೊಲದಲ್ಲಿ ಉದ್ದಕ್ಕೆ ಮಲಗಿ 'ಇದು ನಂದು' ಎಂದರು. ಅಧಿಕಾರಿ ಎದುರಿಗೆ ಬಂದರೂ ನ್ಗೊಕೊದಲ್ಲೇ ಮಾತಾಡಿದರು. ಕಂದಾಯ ಕೊಡದಿದ್ದಕ್ಕಿಂತ ಈ ಮಾತೇ ಸಾಹೇಬರಿಗೆ ಹೆಚ್ಚು ಉರಿಸಿರಬೇಕು ಎಂದು ನನ್ನ ಅನುಮಾನ. 1907ರಲ್ಲಿ ಸಮಿನನನ್ನು ಹಿಡಿದು ಸುಮಾತ್ರಾಕ್ಕೆ ಗಡೀಪಾರು ಮಾಡಿದರು. 1914ರಲ್ಲಿ ಅಲ್ಲೇ ಸತ್ತ.

ಅವನ ದಾರಿ ಹಿಡಿದವರು ಇವತ್ತಿಗೂ ಇದ್ದಾರೆ, ಸೆಡುಲುರ್ ಸಿಕೆಪ್ ಎಂದು ಕರೆದುಕೊಳ್ಳುತ್ತಾರೆ. ಡಚ್ಚರು ಹೋದರು, ಸಿಮೆಂಟ್ ಕಂಪನಿ ಬಂತು. ಅದೂ ಪರದೇಶದ್ದಲ್ಲ, ಸ್ವತಂತ್ರ ದೇಶದ ಸರ್ಕಾರದ್ದೇ!

ಅವರ ಪಕ್ಕದ ಕೆಂಡೆಂಗ್ ಬೆಟ್ಟಸಾಲು ಸುಣ್ಣಕಲ್ಲಿನದು. ಒಳಗೆಲ್ಲ ಪೊಳ್ಳು. ಮಳೆನೀರು ಅದರೊಳಗೆ ಇಳಿದು ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ಭತ್ತದ ಗದ್ದೆಗೂ ಕುಡಿಯುವುದಕ್ಕೂ ಅದೇ ನೀರು. ಬೆಟ್ಟ ಅಗೆದರೆ ಸಿಮೆಂಟ್ ಸಿಗುತ್ತದೆ, ಒರತೆ ಹೋಗುತ್ತದೆ. ಇಷ್ಟು ಲೆಕ್ಕಕ್ಕೆ ಎಂಜಿನಿಯರಿಂಗ್ ಓದಬೇಕೆ?

ಪಾತಿ ಜಿಲ್ಲೆಯಲ್ಲಿ ಗುನ್ರೆತ್ನೊ ಮತ್ತವರ ಜನ ಕೋರ್ಟಿಗೆ ಹೋದರು. ಕಂಪನಿ ಅಲ್ಲಿಂದ ಕಾಲು ಕಿತ್ತು, ಪಕ್ಕದ ರೆಂಬಾಂಗ್ ಜಿಲ್ಲೆಗೆ ಬಂದು ಕೂತಿತು. 2014ರ ಜೂನ್‌ನಲ್ಲಿ ಅಲ್ಲಿನ ರೈತ ಹೆಂಗಸರು ಕಾರ್ಖಾನೆಯ ದಾರಿಯಲ್ಲಿ ಡೇರೆ ಹಾಕಿದರು. ಇವರೇನೂ ಸಮಿನನ ಪಂಥದವರಲ್ಲ, ನಮಾಜು ಮಾಡುವ ಸಾದಾ ಒಕ್ಕಲು ಮಕ್ಕಳು. ಸಿಕೆಪ್ ಜನ ಬಂದು ಅವರ ಜೊತೆ ನಿಂತರು. 2016ರ ಏಪ್ರಿಲ್‌ನಲ್ಲಿ ಒಂಬತ್ತು ಹೆಂಗಸರು ರಾಜಧಾನಿ ಜಕಾರ್ತದ ಅಧ್ಯಕ್ಷರ ಅರಮನೆಯೆದುರು ಮರದ ಪೆಟ್ಟಿಗೆಯಲ್ಲಿ ಕಾಲಿಟ್ಟು, ಅದಕ್ಕೆ ಸಿಮೆಂಟ್ ಕಲಸಿ ಹುಯ್ಯಿಸಿಕೊಂಡರು.

ಆ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರವಾನಗಿ ರದ್ದು ಮಾಡಿತು. ಗೆದ್ದರು ಎಂದುಕೊಂಡಿರಾ? 2017ರ ಫೆಬ್ರವರಿಯಲ್ಲಿ ಗವರ್ನರ್ ಗಂಜಾರ್ ಪ್ರನೊವೊ ಹೊಸ ಪರವಾನಗಿ ಬರೆದುಕೊಟ್ಟರು. ಕೋರ್ಟು ಕಾರ್ಖಾನೆಯನ್ನೇ ಬೇಡವೆಂದಿಲ್ಲ, ಕಾಗದದ ದೋಷ ತಿದ್ದಿದ್ದೇವೆ ಎಂಬುದು ಸರ್ಕಾರದ ವಾದ. ನಮ್ಮ ಪ್ರೆಸ್ಸಿನಲ್ಲಿ ಹಳೇ ಲಗ್ನಪತ್ರಿಕೆಯ ಮ್ಯಾಟರ್ ಇಟ್ಟುಕೊಂಡು ಹೆಸರು, ತಾರೀಖು ಬದಲಿಸಿ ಹೊಸದು ತೆಗೆಯುತ್ತೇವಲ್ಲ, ಆ ವರಸೆ! ಲಗ್ನಪತ್ರಿಕೆಯಲ್ಲಿ ಯಾರ ಮನೆಯ ನೀರೂ ಬತ್ತುವುದಿಲ್ಲ, ಅಷ್ಟೇ ವ್ಯತ್ಯಾಸ.

ಅದೇ ಫೆಬ್ರವರಿಯಲ್ಲಿ ಒಂದು ರಾತ್ರಿ ಹೆಂಗಸರ ಡೇರೆ ಕಿತ್ತು ಸುಟ್ಟರು. ನಮಾಜಿಗೆಂದು ಕಟ್ಟಿಕೊಂಡಿದ್ದ ಗುಡಿಸಲನ್ನೂ ಬಿಡಲಿಲ್ಲ.

ಮಾರ್ಚಿನಲ್ಲಿ ಮತ್ತೆ ಜಕಾರ್ತಕ್ಕೆ ಹೋದರು. ಈ ಸಲ ಗಂಡಸರೂ ಕಾಲು ಕೊಟ್ಟರು. 48 ವರ್ಷದ ಒಬ್ಬ ರೈತ ತಾಯಿ ಊರಿಗೆ ಹೊರಡಬೇಕೆಂದು ಕಾಲಿನ ಸಿಮೆಂಟ್ ಬಿಡಿಸಿಕೊಂಡಿದ್ದರು. ಮಾರ್ಚ್ 21ರ ಬೆಳಗಿನ ಜಾವ ಎದೆನೋವು ಬಂದು ತೀರಿಕೊಂಡರು. ಹೆಣವೇ ಊರಿಗೆ ಹೋಯಿತು.

ಕೋರ್ಟಿನ ತೀರ್ಪು ರೈತನ ಕೈಗೆ ಬರಲು ವರ್ಷಗಳು ಬೇಕಾದವು. ಅದನ್ನು ದಾಟಿಹೋಗಲು ಸರ್ಕಾರಕ್ಕೆ ಐದು ತಿಂಗಳೂ ಬೇಕಾಗಲಿಲ್ಲ. ಇದನ್ನು ಕಾನೂನಿನ ರಾಜ್ಯ ಎನ್ನುವವರು ಆ ಹೆಂಗಸರ ಎದುರು ನಿಂತು ಹೇಳಲಿ, ಯಾವ ಭಾಷೆಯಲ್ಲಾದರೂ ಸರಿ.

ಗಂಜಾರ್ ಪ್ರನೊವೊ 2024ರಲ್ಲಿ ದೇಶದ ಅಧ್ಯಕ್ಷ ಪದವಿಗೂ ನಿಂತರು. ಮೂವರು ಅಭ್ಯರ್ಥಿಗಳಲ್ಲಿ ಮೂರನೆಯವರಾಗಿ ಸೋತರು. ರೆಂಬಾಂಗಿನ ಕಾರ್ಖಾನೆಯಿಂದ ಸಿಮೆಂಟ್ ಮಾರುಕಟ್ಟೆಗೆ ಬಂದಾಗಿತ್ತು.