ಆರೋಗ್ಯಮಿತ್ರ ಯಾರ ಮಿತ್ರ?

ಮಾದಾಪುರದ ಆಸ್ಪತ್ರೆಯೊಂದರಲ್ಲಿ ಈಚೆಗೆ ಕಂಡ ಸಂಗತಿ ಇದು. ಶಹಾಪುರ ತಾಲ್ಲೂಕಿನ ರೈತರೊಬ್ಬರು ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲಿನ ಚಿಕಿತ್ಸೆಗೆ ಬಂದಿದ್ದರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ವಿವರಣೆ ತೆಲುಗಿನಲ್ಲಿ ನಡೆಯಿತು. ಹಿರಿಯರು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ನೆಲ ಒರೆಸುತ್ತಿದ್ದ ಹೆಣ್ಣುಮಗಳೊಬ್ಬಳು ಕೆಲಸ ಬಿಟ್ಟು ಬಳಿಗೆ ಬಂದು, "ಯಪ್ಪಾ, ನಿಮಗ ತಿಳಿದಂಗ ಕಾಣಂಗಿಲ್ಲ. ಕಾಲಿನ ಎರಡು ಬೆರಳು ತೆಗೀಬೇಕು ಅಂತ ಹೇಳಾಕತ್ಯಾರ" ಎಂದಳು. ಆಕೆ ಮಕ್ತಲ್ ಕಡೆಯವಳು. ಹಿರಿಯರ ತಲೆಯಾಟ ಅಲ್ಲಿಗೆ ನಿಂತಿತು.

ಆಕೆ ದುಭಾಷಿಯಲ್ಲ. ಅಂಥ ಹುದ್ದೆಯೇ ಆ ಆಸ್ಪತ್ರೆಯಲ್ಲಿಲ್ಲ. ಆದರೂ ಆ ದಿನ ಅಲ್ಲಿ ಆಗಲೇಬೇಕಾಗಿದ್ದ ಕೆಲಸವೊಂದನ್ನು ಮಾಡಿದವಳು ಆಕೆಯೇ. ಆಸ್ಪತ್ರೆಗಳಲ್ಲಿ ಹೊಸ ವೃತ್ತಿಗಳು ಹುಟ್ಟುವ ಬಗೆಯೇ ಇದು: ಮೊದಲು ಅಗತ್ಯ, ಅನಂತರ ಹೆಸರು, ಕಟ್ಟಕಡೆಗೆ ಸಂಬಳ ಮತ್ತು ಸ್ಥಾನಮಾನ. ಕೆಲವು ವೃತ್ತಿಗಳು ಮೂರನೆಯ ಮೆಟ್ಟಿಲನ್ನು ತಲುಪುವುದೇ ಇಲ್ಲ.

ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ ಆರೋಗ್ಯಮಿತ್ರ. ಅಂದಿನ ಆಂಧ್ರಪ್ರದೇಶ ಸರ್ಕಾರವು 2007ರ ಏಪ್ರಿಲ್ 1ರಂದು ಆರೋಗ್ಯಶ್ರೀ ಯೋಜನೆಯನ್ನು ಮೊದಲು ಜಾರಿಗೆ ತಂದದ್ದು ಮಹಬೂಬ್‌ನಗರ, ಅನಂತಪುರ ಮತ್ತು ಶ್ರೀಕಾಕುಳಂ ಜಿಲ್ಲೆಗಳಲ್ಲಿ. ಮೊದಲ ಎರಡರ ಗಡಿಭಾಗಗಳಲ್ಲಿ ಕನ್ನಡ ಮನೆಮಾತಾಗಿರುವ ಊರುಗಳಿವೆಯೆಂಬುದನ್ನು ಇಲ್ಲಿ ನೆನೆಯಬೇಕು. ಬಡವರ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸತೊಡಗಿದಾಗ, ಅದುವರೆಗೆ ಅವರಿಗೆ ಮುಚ್ಚಿದ್ದ ಖಾಸಗಿ ಆಸ್ಪತ್ರೆಗಳ ಬಾಗಿಲು ತೆರೆಯಿತು. ಆದರೆ ಬಾಗಿಲಿಗೂ ಹಾಸಿಗೆಗೂ ನಡುವೆ ಕಾರ್ಡು, ಫೋಟೋ, ವರದಿ, ಪೂರ್ವಾನುಮತಿಗಳ ದೊಡ್ಡ ಕಾಡೇ ಬೆಳೆಯಿತು. ರೋಗಿಯನ್ನು ಅದರೊಳಗೆ ಕೈಹಿಡಿದು ನಡೆಸಲು ಯೋಜನೆಯ ಪರವಾಗಿ ಆರೋಗ್ಯಮಿತ್ರ ಬಂದು ಕುಳಿತ. ಆಸ್ಪತ್ರೆಯ ಪರವಾಗಿ ಕಾಗದಪತ್ರಗಳನ್ನು ನೋಡಿಕೊಳ್ಳುವ ವೈದ್ಯ ಸಂಯೋಜಕರೂ ಬಂದರು. ಕರ್ನಾಟಕದಲ್ಲಿಯೂ 2010ರಲ್ಲಿ ಗುಲ್ಬರ್ಗಾ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಇದೇ ಹೆಸರಿನ ಸಹಾಯಕರನ್ನು ತಂದಿತು. 2018ರ ಆಯುಷ್ಮಾನ್ ಭಾರತ್ ಈ ಹೆಸರನ್ನು ದೇಶದ ಉದ್ದಗಲಕ್ಕೆ ಒಯ್ದಿತು.

ಹೆಸರೇನೋ ಸೊಗಸಾಗಿದೆ. ಆದರೆ ಈ ಮಿತ್ರನಿಗೆ ಒಡೆಯರು ಮೂವರು. ಯೋಜನೆಯ ಟ್ರಸ್ಟು ದಾಖಲೆ ಕೇಳುತ್ತದೆ, ಆಸ್ಪತ್ರೆಯು ಬೇಗ ಅನುಮತಿ ಕೇಳುತ್ತದೆ, ರೋಗಿ "ಮುಂದೇನು?" ಎಂದು ಕೇಳುತ್ತಾನೆ. ಮೊದಲ ಇಬ್ಬರಿಗೆ ಕೊಟ್ಟ ಉತ್ತರ ಗಣಕಯಂತ್ರದಲ್ಲಿ ದಾಖಲಾಗುತ್ತದೆ. ಮೂರನೆಯವನಿಗೆ ಕೊಟ್ಟದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಹೀಗಾಗಿ ಕಾಲಕ್ರಮದಲ್ಲಿ ಮಿತ್ರ ಕುಗ್ಗಿ ಗುಮಾಸ್ತ ಬೆಳೆದರೆ ಅದು ಆ ವ್ಯಕ್ತಿಯ ದೋಷವಲ್ಲ. ಹೊರಗುತ್ತಿಗೆಯ ಅಲ್ಪ ಸಂಬಳದಲ್ಲಿ ದುಡಿಯುವ ಈ ಮಂದಿ ತಮ್ಮ ಸ್ಥಾನಮಾನಕ್ಕಾಗಿ ಬೀದಿಗಿಳಿದದ್ದೂ ಉಂಟು.

ಇದಕ್ಕೆ ಪ್ರತಿಯಾಗಿ ಅಂಗಾಂಗ ಕಸಿ ಸಂಯೋಜಕರ ಹುದ್ದೆಯನ್ನು ನೋಡಿ. 1994ರ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯು ಇಂಥ ಸಂಯೋಜಕರಿಲ್ಲದ ಆಸ್ಪತ್ರೆಗೆ ಕಸಿಯ ನೋಂದಣಿಯೇ ಇಲ್ಲವೆಂದಿತು. 2014ರ ನಿಯಮಗಳು ಅವರ ವಿದ್ಯಾರ್ಹತೆಯನ್ನೂ ಗೊತ್ತುಮಾಡಿದವು. ದುಃಖದಲ್ಲಿರುವ ಮನೆಯವರೊಡನೆ ಮಾತನಾಡುವುದು ಕೂಡ ಒಂದು ವೃತ್ತಿಯೆಂದು ಕಾನೂನು ಒಪ್ಪಿಕೊಂಡಿತು. ಆರೋಗ್ಯಮಿತ್ರನಿಗೆ ಆ ಭಾಗ್ಯವಿಲ್ಲ. ಅನೇಕ ಪೂರಕ ವೃತ್ತಿಗಳಿಗೆ ಮನ್ನಣೆ ನೀಡಿದ 2021ರ ಕಾಯ್ದೆಯ ಪಟ್ಟಿಯಲ್ಲಿಯೂ ಅವನ ಹೆಸರಿಲ್ಲ.

ಈ ಚರ್ಚೆ ಹೊರನಾಡ ಕನ್ನಡಿಗರಿಗೇಕೆ ಎನ್ನಬಹುದು. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಗಡಿಗೆರೆ ಬದಲಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ಅಂದು ಮೂಸಿ ತೀರದ ಉಸ್ಮಾನಿಯಾ ಆಸ್ಪತ್ರೆಯತ್ತ ನಡೆದವರ ಮೊಮ್ಮಕ್ಕಳು ಇಂದು ಲಿಂಗಂಪಲ್ಲಿಯಲ್ಲಿ ರೈಲಿಳಿದು ಮಾದಾಪುರ, ಗಚ್ಚಿಬೌಲಿಗಳ ಬಹುಮಹಡಿ ಆಸ್ಪತ್ರೆಗಳಿಗೆ ಬರುತ್ತಾರೆ. ರೋಗಿಗೆ ಸಾಕಷ್ಟು ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2008ರಲ್ಲಿಯೇ ಹೇಳಿದೆ. ತಿಳಿಯದ ನುಡಿಯಲ್ಲಿ ತಿಳಿಸಿದರೆ ತಿಳಿಸಿದಂತಾಯಿತೆ?

ಈ ಕೊರತೆಯನ್ನು ಸಂಘದ ಕಾರ್ಯಕರ್ತರೇ ತುಂಬಲಿ ಎಂಬ ಸಲಹೆ ನಮ್ಮ ಸಭೆಗಳಲ್ಲಿ ಕೇಳಿಬರುತ್ತದೆ. ಸೇವೆ ದೊಡ್ಡದು, ಅದು ನಡೆಯಲಿ. ಆದರೆ ಬೆರಳು ತೆಗೆಯುವ ಮಾತನ್ನು ತಪ್ಪಾಗಿ ಹೇಳಿದರೆ ಹೊಣೆ ಯಾರದು? ರಾತ್ರಿ ಎರಡು ಗಂಟೆಗೆ ಬರುವ ರೋಗಿಗೆ ಭಾನುವಾರದ ಕಾರ್ಯಕರ್ತ ಸಿಗುವನೆ? ಆಸ್ಪತ್ರೆಯು ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆಯಾಗಿ ಮಾಡುತ್ತ ಹೋದಷ್ಟೂ ಅಲ್ಲಿ ಆ ಹುದ್ದೆ ಹುಟ್ಟುವುದು ತಡವಾಗುತ್ತದೆ. ಮೊಬೈಲು ಅನುವಾದಿಸುತ್ತದೆ ಎನ್ನುವವರೂ ಇದ್ದಾರೆ. ಅರ್ಥವಾಗದ ತಲೆಯಾಟವನ್ನು ಗುರುತಿಸಲು ಮನುಷ್ಯರೇ ಬೇಕು.

ಆದ್ದರಿಂದ ನಮ್ಮ ಸಂಘಗಳು ಕೇಳಬೇಕಾದದ್ದು ಇಷ್ಟು. ಕರ್ನಾಟಕದ ರೋಗಿಗಳು ಹೆಚ್ಚಾಗಿ ಬರುವ ಇಲ್ಲಿನ ಆಸ್ಪತ್ರೆಗಳಲ್ಲಿ ಪ್ರತಿ ಪಾಳಿಗೆ ಕನ್ನಡ ಬಲ್ಲ ಸಹಾಯಕರೊಬ್ಬರು, ತರಬೇತಿ ಮತ್ತು ಸಂಬಳ ಸಹಿತವಾಗಿ, ಇರಬೇಕು. ಒಪ್ಪಿಗೆ ಪತ್ರಗಳು ಕನ್ನಡದಲ್ಲಿಯೂ ದೊರೆಯಬೇಕು. ರೋಗಿಗೆ ವಿಷಯ ಅರ್ಥವಾಯಿತೆ ಎಂಬುದೂ ಆ ಸಹಾಯಕರ ಕೆಲಸದ ಅಳತೆಯಾಗಬೇಕು. ಇದನ್ನು ಭಾಷಾಭಿಮಾನದ ಬೇಡಿಕೆಯೆಂದು ಯಾರೂ ಬಗೆಯಬಾರದು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುವ ತೆಲುಗು ರೋಗಿಗೂ ಈ ಹಕ್ಕು ಇರಲೇಬೇಕು.

ಈ ಹುದ್ದೆಗೆ ಮೊದಲ ಅಭ್ಯರ್ಥಿಯನ್ನು ಹುಡುಕಲು ಆಸ್ಪತ್ರೆ ದೂರ ಹೋಗಬೇಕಾಗಿಲ್ಲ. ಆಕೆ ಅಲ್ಲಿಯೇ ನೆಲ ಒರೆಸುತ್ತಿದ್ದಾಳೆ.