ಒಂದೇ ಕಂಪ್ಯೂಟರ್, ಒಬ್ಬೊಬ್ಬರಿಗೆ ಒಂದೊಂದು ಬಾಗಿಲು



ನಮ್ಮ ಮನೆಯ ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಒಂದಿದೆ. ಇಂಟರ್ನೆಟ್ ಸಂಪರ್ಕವಿಲ್ಲ. ಆದರೂ ಅದಕ್ಕೆ ಬಿಡುವೆಂಬುದಿಲ್ಲ. ನಾನು ಅದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ. ಮಗಳು ಚಿತ್ರ ಬಿಡಿಸುತ್ತಾಳೆ, ಮಗ ಆಟವಾಡುತ್ತಾನೆ. ಮನೆಯಲ್ಲೇ ಹೊಲಿಗೆ ಮಾಡುವ ನನ್ನ ನಾದಿನಿ ಗಿರಾಕಿಗಳ ಅಳತೆ ಮತ್ತು ಬರಬೇಕಾದ ಬಾಕಿಯನ್ನು ಎಕ್ಸೆಲ್‌ನಲ್ಲಿ ಬರೆದಿಡುತ್ತಿದ್ದಳು.

ಹೋದ ವರ್ಷ ಈದ್‌ಗೆ ಇನ್ನು ಹದಿನೈದೇ ದಿನ ಇತ್ತು. ಹೊಲಿಗೆಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಸಮಯ. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಆ ಲೆಕ್ಕದ ಫೈಲೇ ಇಲ್ಲ! ಮಗನನ್ನು ಕರೆದು ಕೇಳಿದೆವು. ಹಿಂದಿನ ದಿನ 'ಡೆಸ್ಕ್‌ಟಾಪ್ ತುಂಬಿಹೋಗಿದೆ' ಎಂದು ತನಗೆ ಬೇಡವೆನಿಸಿದ್ದನ್ನೆಲ್ಲ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದನಂತೆ. "ಅದು ನಿಮ್ಮದೆಂದು ನನಗೆ ಗೊತ್ತಿರಲಿಲ್ಲ ಫುಪ್ಪು" ಎಂದು ಅಳುಮುಖ ಮಾಡಿದ. ನಾನು ಬೈಯಲು ಬಾಯಿ ತೆರೆದೆ. ನಾದಿನಿ ತಡೆದಳು. "ಅವನನ್ನೇಕೆ ಬೈಯುತ್ತೀರಿ ಭಾಭಿ? ಎಲ್ಲರ ಬಟ್ಟೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟವರು ನಾವೇ ಅಲ್ಲವೇ?" ಎಂದಳು.

ಅಳತೆಗಳನ್ನು ಮತ್ತೆ ತೆಗೆದುಕೊಂಡಳು. ನೆನಪಿದ್ದಷ್ಟು ಬಾಕಿ ವಸೂಲಾಯಿತು. ಉಳಿದದ್ದನ್ನು ಬಿಟ್ಟುಬಿಟ್ಟಳು. ಆದರೆ ಅವಳ ಆ ಮಾತು ನನ್ನನ್ನು ಬಿಡಲಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ತೆರೆಯುವ ಸೌಲಭ್ಯ ಇದ್ದೇ ಇತ್ತು. ನಾವು ಅತ್ತ ತಿರುಗಿಯೂ ನೋಡಿರಲಿಲ್ಲ, ಅಷ್ಟೆ.

2001ರಲ್ಲಿ ಬಂದ ಈ ಎಕ್ಸ್‌ಪಿಯಲ್ಲಿ ಖಾತೆಗಳು ಮುಖ್ಯವಾಗಿ ಎರಡು ಬಗೆ. ಒಂದು 'ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್', ಅಂದರೆ ಮನೆಯ ಬೀಗದ ಕೈ ಇರುವವರು. ಇವರು ಹೊಸ ತಂತ್ರಾಂಶ ಹಾಕಬಹುದು, ತೆಗೆಯಬಹುದು, ಇತರರ ಪಾಸ್‌ವರ್ಡ್ ಕೂಡ ಬದಲಿಸಬಹುದು. ಇನ್ನೊಂದು 'ಲಿಮಿಟೆಡ್'. ಇವರು ತಮ್ಮ ಕೆಲಸ ಮಾಡಿಕೊಳ್ಳಬಹುದು, ತಮ್ಮ ಚಿತ್ರ ಮತ್ತು ಪಾಸ್‌ವರ್ಡ್ ಬದಲಿಸಿಕೊಳ್ಳಬಹುದು. ಇತರರ ಖಾತೆಗೆ ಕೈ ಹಾಕುವಂತಿಲ್ಲ. ಎಕ್ಸ್‌ಪಿ ಹಾಕುವಾಗಲೇ ಕೊಟ್ಟ ಹೆಸರುಗಳೆಲ್ಲ ಅಡ್ಮಿನಿಸ್ಟ್ರೇಟರ್ ಆಗಿಬಿಡುತ್ತವೆ ಎಂಬುದನ್ನು ಮರೆಯಬೇಡಿ.

ಈಗ ಮಾಡುವ ಕ್ರಮ ನೋಡೋಣ. 'ಸ್ಟಾರ್ಟ್' ಒತ್ತಿ 'ಕಂಟ್ರೋಲ್ ಪ್ಯಾನೆಲ್'ಗೆ ಹೋಗಿ 'ಯೂಸರ್ ಅಕೌಂಟ್ಸ್' ತೆರೆಯಿರಿ. 'ಕ್ರಿಯೇಟ್ ಎ ನ್ಯೂ ಅಕೌಂಟ್' ಒತ್ತಿ, ಹೆಸರು ಬರೆದು, 'ಲಿಮಿಟೆಡ್' ಆರಿಸಿದರೆ ಮುಗಿಯಿತು. ಹೀಗೆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ತೆರೆಯಿರಿ. ಬಳಿಕ ಆ ಹೆಸರಿನ ಮೇಲೆ ಒತ್ತಿದರೆ ಚಿತ್ರ ಬದಲಿಸುವ, ಪಾಸ್‌ವರ್ಡ್ ಹಾಕುವ ಆಯ್ಕೆಗಳು ಕಾಣುತ್ತವೆ. ಪುಟ್ಟ ಮಕ್ಕಳಿಗೆ ಚಿತ್ರ ಬಹಳ ಉಪಯುಕ್ತ. ಓದಲು ಬಾರದ ಮಗುವೂ ತನ್ನ ಬಾತುಕೋಳಿಯನ್ನು ಗುರುತಿಸಿ ಒತ್ತುತ್ತದೆ.

ಪಾಸ್‌ವರ್ಡ್ ಹಾಕುವಾಗ ಎರಡು ಮಾತು ನೆನಪಿರಲಿ. ಅದರಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳು ಬೇರೆ ಬೇರೆ. ಕೆಳಗೆ ಕೇಳುವ 'ಹಿಂಟ್' ಅಂದರೆ ಸುಳಿವು, ಆ ಕಂಪ್ಯೂಟರ್ ಬಳಸುವ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಲ್ಲಿ ಪಾಸ್‌ವರ್ಡನ್ನೇ ಬರೆದರೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ!

ಹೊಸ ಖಾತೆಯ 'ಮೈ ಡಾಕ್ಯುಮೆಂಟ್ಸ್' ಖಾಲಿಯಾಗಿರುತ್ತದೆ. ಗಾಬರಿ ಬೇಡ. ಹಳೆಯ ಖಾತೆಯಿಂದ ನಿಮ್ಮ ಫೈಲುಗಳನ್ನು 'ಶೇರ್ಡ್ ಡಾಕ್ಯುಮೆಂಟ್ಸ್'ಗೆ ಕಾಪಿ ಮಾಡಿ. ಹೊಸ ಖಾತೆಯಲ್ಲಿ ಒಳಬಂದು, ಅಲ್ಲಿಂದ ನಿಮ್ಮದಕ್ಕೆ ಕಾಪಿ ಮಾಡಿಕೊಳ್ಳಿ. ಎಲ್ಲವೂ ಸರಿಯಾಗಿ ಬಂದಿದೆಯೇ ಎಂದು ತೆರೆದು ನೋಡಿದ ಮೇಲಷ್ಟೇ ಹಳೆಯದನ್ನು ಅಳಿಸಿ. ಕೆಲಸದ ನಡುವೆ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋಗಬೇಕಾದರೆ, ವಿಂಡೋಸ್ ಗುರುತಿನ ಕೀಲಿಯ ಜೊತೆ 'ಎಲ್' ಒತ್ತಿ. ಪಾಸ್‌ವರ್ಡ್ ಇದ್ದರೆ ನಿಮ್ಮ ಖಾತೆಗೆ ಬೀಗ ಬೀಳುತ್ತದೆ, ತೆರೆದಿಟ್ಟ ಕೆಲಸ ಹಾಗೆಯೇ ಉಳಿಯುತ್ತದೆ.

ಇನ್ನು ಮುಖ್ಯ ಪ್ರಶ್ನೆ. ಬೀಗದ ಕೈ ಯಾರ ಬಳಿ ಇರಬೇಕು? ಅನೇಕ ಮನೆಗಳಲ್ಲಿ 'ಅವನಿಗೆ ಕಂಪ್ಯೂಟರ್ ಗೊತ್ತು' ಎಂದು ಹೈಸ್ಕೂಲು ಹುಡುಗನನ್ನೇ ಅಡ್ಮಿನಿಸ್ಟ್ರೇಟರ್ ಮಾಡಿಬಿಡುತ್ತೇವೆ. ಕಾರು ಓಡಿಸುವ ಆಸೆ ಇದೆಯೆಂದು ಹುಡುಗನ ಕೈಗೆ ಕೀಲಿ ಕೊಡುತ್ತೇವೆಯೇ? ತಾಯಂದಿರೇ, ಆ ಪಾಸ್‌ವರ್ಡ್ ನಿಮಗೂ ತಿಳಿದಿರಲಿ. ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿಡಿ. ಆ ಖಾತೆಯನ್ನು ಏನಾದರೂ ಹೊಸದಾಗಿ ಹಾಕಬೇಕಾದಾಗ ಮಾತ್ರ ತೆರೆಯಿರಿ. ದಿನದ ಕೆಲಸಕ್ಕೆ ನೀವೂ ಲಿಮಿಟೆಡ್ ಖಾತೆಯನ್ನೇ ಬಳಸಿ. ಕೆಲವು ಹಳೆಯ ತಂತ್ರಾಂಶಗಳು ಲಿಮಿಟೆಡ್ ಖಾತೆಯಲ್ಲಿ ತಕರಾರು ಮಾಡುವುದುಂಟು. ಅದಕ್ಕೆಂದು ಎಲ್ಲರಿಗೂ ಬೀಗದ ಕೈ ಹಂಚಬೇಡಿ.

'ನಮ್ಮ ಮನೆಯವರ ಮೇಲೆ ನಮಗೇ ನಂಬಿಕೆಯಿಲ್ಲವೇ?' ಎಂದು ನೀವು ಕೇಳಬಹುದು. ನನ್ನ ಮನೆಯಲ್ಲೂ ಈ ಮಾತು ಬಂತು. ಒಬ್ಬೊಬ್ಬರ ಬಟ್ಟೆಗೆ ಬೀರುವಿನಲ್ಲಿ ಒಂದೊಂದು ಅರೆ ಇರುವುದು ಅಪನಂಬಿಕೆಯಿಂದಲ್ಲ. ಯಾರದು ಯಾವುದೆಂದು ತಿಳಿಯಲಿ ಎಂದು. ಅಂದು ನನ್ನ ಮಗ ಕೆಡುಕು ಬಯಸಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಉಪದೇಶವಲ್ಲ, ತನ್ನದೇ ಒಂದು ಅರೆ.

ಆದರೆ ಖಾತೆಯೊಂದೇ ಎಲ್ಲಕ್ಕೂ ಮದ್ದಲ್ಲ. ಅಡ್ಮಿನಿಸ್ಟ್ರೇಟರ್ ಮನಸ್ಸು ಮಾಡಿದರೆ ನಿಮ್ಮ ಫೈಲಿನವರೆಗೂ ತಲುಪಬಲ್ಲರು. ಕಂಪ್ಯೂಟರೇ ಕೆಟ್ಟರೆ ಯಾವ ಪಾಸ್‌ವರ್ಡೂ ಕಾಯದು. ಆದ್ದರಿಂದ ಮುಖ್ಯ ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಇನ್ನೂ ಒಂದು ಎಚ್ಚರಿಕೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದೆ. ಅಂಥ ಕಂಪ್ಯೂಟರಿಗೆ ಇಂಟರ್ನೆಟ್ ಜೋಡಿಸಬೇಡಿ, ಬ್ಯಾಂಕಿನ ವ್ಯವಹಾರವಂತೂ ಬೇಡವೇ ಬೇಡ. ನಿಮ್ಮ ಮನೆಯಲ್ಲಿ ಹೊಸ ವಿಂಡೋಸ್ ಇದ್ದರೂ ತತ್ವ ಇದೇ. 'ಲಿಮಿಟೆಡ್' ಎಂಬಲ್ಲಿ 'ಸ್ಟ್ಯಾಂಡರ್ಡ್' ಎಂದಿರುತ್ತದೆ, ಅಷ್ಟೆ.

ಈಗ ನಮ್ಮ ಕಂಪ್ಯೂಟರ್ ಹಾಕಿದರೆ ತೆರೆಯ ಮೇಲೆ ಐದು ಹೆಸರು ಕಾಣುತ್ತವೆ. ನಾದಿನಿ ತನ್ನ ಹೆಸರಿನ ಪಕ್ಕ ಹೂವಿನ ಚಿತ್ರ ಇಟ್ಟುಕೊಂಡಿದ್ದಾಳೆ. ಮೊದಲ ದಿನ ಅದನ್ನು ನೋಡುತ್ತಾ, "ಈ ಮನೆಯಲ್ಲಿ ನನ್ನ ಹೆಸರು ಬರೆದಿರುವ ಬಾಗಿಲು ಇದೊಂದೇ ಭಾಭಿ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಬರೀ ನಗೆಯದಾಗಿರಲಿಲ್ಲ.

ಈ ರಜಾದಿನದಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಖಾತೆಯನ್ನು, ಈವರೆಗೆ ಆ ಕಂಪ್ಯೂಟರಿನ ಮುಂದೆ ಕೂರಲು 'ನನಗೇಕೆ ಇದೆಲ್ಲ' ಎಂದು ಹಿಂಜರಿದವರ ಹೆಸರಿನಲ್ಲಿ ತೆರೆಯಿರಿ.