ನೀರೊಳಗಿನ ಪ್ರತಿಧ್ವನಿಗೆ ಎಷ್ಟು ಬೆಲೆ?

ಮಕ್ಕಳೇ, ವಿಜಯಪುರದ ಗೋಳಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಪ್ರತಿಧ್ವನಿ ಎಂದರೇನೆಂದು ನಾನು ಹೇಳಬೇಕಾಗಿಲ್ಲ. ನಾವು ಕಳಿಸಿದ ಸದ್ದು ಗೋಡೆಗೆ ತಾಗಿ ನಮ್ಮ ಕಿವಿಗೇ ಮರಳುತ್ತದೆ. ಇದೇ ಸಂಗತಿಯನ್ನು ನೀರಿನಲ್ಲಿ ಬಳಸಿಕೊಳ್ಳುವ ಪುಟ್ಟ ಯಂತ್ರವೊಂದಿದೆ. ಅದರ ಹೆಸರು ಫಿಶ್ ಫೈಂಡರ್.

ನನ್ನ ತಂಗಿಯ ಅಳಿಯ ಕೃಷ್ಣರಾಜ ಸಾಗರದ ಹಿನ್ನೀರಿನಲ್ಲಿ ಸಣ್ಣ ಫೈಬರ್ ದೋಣಿ ಇಟ್ಟುಕೊಂಡು ಮೀನು ಹಿಡಿಯುತ್ತಾನೆ. ನೀರಿನಡಿ ಹಳೆಯ ಮರದ ಬೊಡ್ಡೆಗಳಿವೆ, ಕಲ್ಲುಗಳಿವೆ. ಬಲೆ ಅದಕ್ಕೆ ಸಿಕ್ಕಿ ಹರಿದರೆ ಆ ವಾರದ ದುಡಿಮೆ ನೀರುಪಾಲು. ಎರಡು ಬಲೆ ಕಳೆದುಕೊಂಡ ಮೇಲೆ ಸಾಲ ಮಾಡಿಯಾದರೂ ದೊಡ್ಡ ಪರದೆಯ ಯಂತ್ರ ತರುತ್ತೇನೆಂದು ಹೊರಟ. ಅದೇ ಜೂನ್‌ನಲ್ಲಿ ಮಗಳ ಶಾಲೆಯ ಶುಲ್ಕವನ್ನೂ ಕಟ್ಟಬೇಕಿತ್ತು. “ನೀವು ಬ್ಯಾಂಕಿನಲ್ಲಿದ್ದವರು, ಹೇಳಿ ಮಾವ” ಎಂದ. ಸಾಲದ ಅರ್ಜಿ ನೋಡಿ ನೋಡಿ ನನಗೊಂದು ಅಭ್ಯಾಸ. ‘ಎಷ್ಟು ಬೆಲೆ?’ ಎನ್ನುವ ಮೊದಲು ‘ಯಾವ ಕೆಲಸಕ್ಕೆ?’ ಎಂದು ಕೇಳುತ್ತೇನೆ.

ಮೊದಲು ಯಂತ್ರದ ಕೆಲಸ ತಿಳಿಯೋಣ. ದೋಣಿಯ ಹಿಂಬದಿಯಲ್ಲಿ, ನೀರಿಗೆ ಮುಳುಗುವಂತೆ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆ ಇರುತ್ತದೆ. ಅದು ನಮ್ಮ ಕಿವಿಗೆ ಕೇಳದ ಸದ್ದನ್ನು ಕೆಳಕ್ಕೆ ಬಿಡುತ್ತದೆ. ಸಿಹಿನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1480 ಮೀಟರ್ ಓಡುತ್ತದೆ. ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು. 15 ಮೀಟರ್ ಆಳದ ತಳ ಮುಟ್ಟಿ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಮೀನಿನ ಹೊಟ್ಟೆಯೊಳಗೆ ಗಾಳಿಚೀಲವಿದೆಯಲ್ಲ, ಸದ್ದು ಅದಕ್ಕೂ ತಾಗಿ ಮರಳುತ್ತದೆ. ದೋಣಿ ಮೀನಿನ ಮೇಲೆ ಹಾದುಹೋಗುವಾಗ ದೂರ ಮೊದಲು ಕಡಿಮೆಯಾಗಿ ಆಮೇಲೆ ಹೆಚ್ಚುವುದರಿಂದ, ಪರದೆಯಲ್ಲಿ ಮೀನು ಬಿಲ್ಲಿನಂತೆ ಬಾಗಿದ ಗೆರೆಯಾಗಿ ಕಾಣುತ್ತದೆ. ಗಟ್ಟಿ ತಳ ದಪ್ಪ ಗೆರೆ, ಕೆಸರು ತೆಳು ಗೆರೆ, ಬೊಡ್ಡೆ ತಳದಿಂದ ಎದ್ದುನಿಂತ ಗುರುತು.

ಈಗ ಆಯ್ಕೆಗೆ ಬರೋಣ. ಪೆಟ್ಟಿಗೆಯ ಮೇಲೆ ‘1600 ಅಡಿ ಆಳದವರೆಗೆ’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಕೃಷ್ಣರಾಜ ಸಾಗರದ ಗರಿಷ್ಠ ಮಟ್ಟವೇ 124.80 ಅಡಿ! ನಮ್ಮ ಹಿನ್ನೀರು, ಕೆರೆಗಳಿಗೆ ಅಗ್ಗದ ಯಂತ್ರದ ಶಕ್ತಿಯೂ ಧಾರಾಳವಾಯಿತು. ಆದ್ದರಿಂದ ಆಳಕ್ಕಾಗಿ ಹೆಚ್ಚು ಹಣ ಕೊಡಬೇಡಿ.

ಎರಡನೆಯದು, ಸದ್ದಿನ ಆವರ್ತನ. 50 ಕಿಲೋಹರ್ಟ್ಸ್ ಆಳವಾದ ಕಡಲಿಗೆ. ನಮಗೆ 200 ಕಿಲೋಹರ್ಟ್ಸ್ ಒಳ್ಳೆಯದು, ಚಿತ್ರ ಸ್ಪಷ್ಟ. ಆದರೆ ಅದು ನೋಡುವ ಜಾಗ ಕಿರಿದು. 20 ಡಿಗ್ರಿಯ ಕಿರಣವಾದರೆ 10 ಮೀಟರ್ ಆಳದಲ್ಲಿ ಮೂರೂವರೆ ಮೀಟರ್ ಅಗಲದ ವೃತ್ತವಷ್ಟೇ. ಇಡೀ ಕೆರೆಯನ್ನು ಅದು ತೋರಿಸುವುದಿಲ್ಲ.

ಮೂರನೆಯದು ಜಿಪಿಎಸ್. ಇದಕ್ಕೆ ಮಾತ್ರ ಸ್ವಲ್ಪ ಹೆಚ್ಚು ಕೊಡಬಹುದು ಎಂದೆ. ಬೊಡ್ಡೆ ಇರುವ ಜಾಗವನ್ನು ಒಮ್ಮೆ ಗುರುತು ಹಾಕಿದರೆ ಮುಂದೆ ಬಲೆ ಉಳಿಯಿತು. ಗಾರ್ಮಿನ್ ಸ್ಟ್ರೈಕರ್ 4 ಇಂಥದ್ದಕ್ಕೊಂದು ಉದಾಹರಣೆ: ಪರದೆ 3.5 ಇಂಚು, ಜಿಪಿಎಸ್ ಇದೆ, ನಕ್ಷೆ ಇಲ್ಲ. ತಾನು ಹುಟ್ಟಿ ಬೆಳೆದ ನೀರಿಗೆ ನಕ್ಷೆ ಯಾಕೆ? ಹರಿಗೋಲಿನವರಿಗೆ ನೀರಿಗೆ ಎಸೆಯುವ ಚೆಂಡಿನಂಥ ಯಂತ್ರವೂ ಇದೆ. ಅದು ತೇಲುತ್ತಾ ವೈಫೈ ಮೂಲಕ ಮೊಬೈಲಿಗೆ ಚಿತ್ರ ಕಳಿಸುತ್ತದೆ. ಒದ್ದೆ ಕೈಯಲ್ಲಿ ಮೊಬೈಲು ಹಿಡಿಯುವ ಕಷ್ಟ ಮಾತ್ರ ನಿಮ್ಮದು.

ಕೊಳ್ಳುವ ಮುನ್ನ ಖರ್ಚನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ: ಯಂತ್ರ, 12 ವೋಲ್ಟ್ ಬ್ಯಾಟರಿ, ಚಾರ್ಜರ್, ಕೂರಿಸುವ ಪಟ್ಟಿ. ಟ್ರಾನ್ಸ್‌ಡ್ಯೂಸರ್ ಜೊತೆಗೇ ಬರುತ್ತದೆಯೇ, ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಯಂತ್ರ ಅರ್ಧ ಆಂಪಿಯರ್ ಎಳೆದರೂ 7 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕದ ಪ್ರಕಾರ 14 ಗಂಟೆ ಬರಬೇಕು. ಹತ್ತು ಎಂದೇ ಹಿಡಿಯಿರಿ. ಎಲ್ಲ ಸೇರಿ 20,000 ರೂಪಾಯಿ ಎಂದುಕೊಳ್ಳೋಣ. ವರ್ಷಕ್ಕೆ 200 ದಿನದಂತೆ ಐದು ವರ್ಷ ಬಾಳಿದರೆ ದಿನಕ್ಕೆ 20 ರೂಪಾಯಿ. ಬಲೆ ಉಳಿಸುವವನಿಗೆ ಇದು ಹಗುರ. ತಿಂಗಳಿಗೊಮ್ಮೆ ಗಾಳ ಹಾಕುವ ಹವ್ಯಾಸಿಗೆ ಅದೇ ಯಂತ್ರ ದಿನಕ್ಕೆ 333 ರೂಪಾಯಿ ಆಗುತ್ತದೆ! ಯಂತ್ರ ಒಂದೇ, ಬೆಲೆ ಎರಡು.

ಅಂಗಡಿಯಲ್ಲಿ ಪರದೆಯ ಮೇಲೆ ಮುದ್ದಾದ ಮೀನಿನ ಚಿತ್ರ ಈಜುವುದನ್ನು ತೋರಿಸುತ್ತಾರೆ. ಗುಳ್ಳೆ, ತೇಲುವ ಕಡ್ಡಿಯನ್ನೂ ಅದು ಮೀನೆಂದು ತೋರಿಸಿಬಿಡಬಹುದು. ಗೆರೆಗಳನ್ನು ಓದಲು ಕಲಿಯುವುದೇ ಮೇಲು. ಕೆಳಗಿರುವುದು ಕಾಟ್ಲಾ ಮೀನೋ ರೋಹುವೋ ಎಂದೂ ಯಂತ್ರ ಹೇಳದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊರಟ ತಾಯಿಮೀನನ್ನು ಬಿಟ್ಟುಬಿಡು ಎಂದೂ ಹೇಳದು. ಅದನ್ನು ಮನುಷ್ಯನೇ ಯೋಚಿಸಬೇಕು.

ನಮ್ಮ ಅಳಿಯ ಸಾಲ ಮಾಡದೆ ಚಿಕ್ಕ ಪರದೆಯದನ್ನೇ ಕೊಂಡ. ಮಗಳ ಶುಲ್ಕವೂ ಸಮಯಕ್ಕೆ ಸಂದಾಯವಾಯಿತು.

ಈ ವಾರದ ಲೆಕ್ಕ ಇಲ್ಲಿದೆ. ಪ್ರತಿಧ್ವನಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮರಳಿದರೆ ನೀರಿನ ಆಳವೆಷ್ಟು? ತಾತ 74 ಮೀಟರ್ ಎಂದರೆ ಒಪ್ಪಬೇಡಿ. ಸದ್ದು ಕೆಳಗೆ ಹೋಗಿದೆ, ಮೇಲೆ ಬಂದೂ ಇದೆ. ಅರ್ಧ ಮಾಡಿ: 37 ಮೀಟರ್!